ಒಂದೇ ಪೆಪ್ಟೈಡ್, ಐದು ಬೆಲೆ: ಅಮೆರಿಕದ ಇಂಜೆಕ್ಷನ್ ಖರ್ಚನ್ನು ಹೋಲಿಸುವ ಬಗೆ

2024–25ರ ಅಮೆರಿಕದಲ್ಲಿ ಸೆಮಗ್ಲುಟೈಡ್ ಎಂಬ ಒಂದೇ ಪೆಪ್ಟೈಡ್ ಔಷಧಕ್ಕೆ ಕಡಿಮೆಯೆಂದರೂ ಐದು ಬೆಲೆಗಳಿದ್ದವು. ತೂಕ ಇಳಿಸಲು ಕೊಡುವ ವೆಗೊವಿ ಎಂಬ ಅದರ ಇಂಜೆಕ್ಷನ್ ಪೆನ್ನಿನ ಪಟ್ಟಿಬೆಲೆ 28 ದಿನಕ್ಕೆ 1,349 ಡಾಲರ್. ಒಳ್ಳೆಯ ವಿಮೆ ಇದ್ದವರು ಅದೇ ಪೆನ್ನನ್ನು ಹತ್ತಾರು ಡಾಲರ್ ಮಾತ್ರ ಕೊಟ್ಟು ಒಯ್ಯುತ್ತಿದ್ದರು. 2025ರ ಮಾರ್ಚ್‌ನಿಂದ ತಯಾರಕ ಕಂಪನಿ ನೊವೊ ನಾರ್ಡಿಸ್ಕ್ ವಿಮೆಯಿಲ್ಲದವರಿಗೆ ತಾನೇ 499 ಡಾಲರ್‌ಗೆ ಕಳಿಸತೊಡಗಿತು. ಅದಕ್ಕೂ ಮುಂಚೆ, 2024ರ ಮೇ ತಿಂಗಳಲ್ಲೇ, ಹಿಮ್ಸ್ ಅಂಡ್ ಹರ್ಸ್ ಎಂಬ ಆನ್‌ಲೈನ್ ಕಂಪನಿ, ಔಷಧವನ್ನು ತಾನೇ ಬೆರೆಸಿ ಕೊಡುವ ಕಾಂಪೌಂಡಿಂಗ್ ಫಾರ್ಮಸಿಯಲ್ಲಿ ತಯಾರಾದ ಸೆಮಗ್ಲುಟೈಡನ್ನು 199 ಡಾಲರ್‌ನಿಂದ ಶುರುಮಾಡಿತ್ತು. ಇವೆಲ್ಲದರ ಕೆಳಗೆ, ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ’ ಎಂಬ ಚೀಟಿ ಹೊತ್ತ ಪುಡಿಯ ಪುಟ್ಟ ಶೀಶೆ ಇನ್ನೂ ಅಗ್ಗಕ್ಕೆ ಅಂಚೆಯಲ್ಲಿ ಬರುತ್ತಿತ್ತು.

ಇಷ್ಟು ಬೆಲೆಗಳನ್ನು ಒಟ್ಟಿಗೆ ನೋಡಿದವರಿಗೆ ಮೊದಲು ಹೊಳೆಯುವ ಪ್ರಶ್ನೆ, ಇದರಲ್ಲಿ ನಿಜವಾದ ಬೆಲೆ ಯಾವುದು ಎಂಬುದು. ಐದೂ ನಿಜವಾದ ಬೆಲೆಗಳೇ. ಆದರೆ ಐದು ಕಡೆ ಕೊಳ್ಳುತ್ತಿರುವುದು ಒಂದೇ ವಸ್ತುವನ್ನಲ್ಲ. ಶೀಶೆಯೊಳಗೆ ಇರಬೇಕಾದ್ದೇ ಇದೆ, ಇರಬೇಕಾದಷ್ಟೇ ಇದೆ, ಬೇರೇನೂ ಇಲ್ಲ ಎಂದು ಪರೀಕ್ಷಿಸಿದವರು ಯಾರು, ಎಡವಟ್ಟಾದರೆ ಉತ್ತರ ಕೊಡಬೇಕಾದವರು ಯಾರು ಎಂಬುದು ಎಲ್ಲ ದಾರಿಯಲ್ಲೂ ಒಂದೇ ಅಲ್ಲ. ವಿಮೆಯ ದಾರಿಯೊಂದನ್ನು ಬಿಟ್ಟರೆ, ಬೆಲೆ ಇಳಿದಂತೆಲ್ಲ ಆ ಹೊಣೆಯ ಒಂದೊಂದು ತುಂಡು ಕಂಪನಿಯಿಂದ ಜಾರಿ ಕೊಳ್ಳುವವರ ಹೆಗಲಿಗೆ ಬರುತ್ತದೆ. ಖರ್ಚಿನ ಹೋಲಿಕೆಯಲ್ಲಿ ಈ ತುಂಡುಗಳಿಗೂ ಒಂದು ಸಾಲು ಬೇಕು ಎಂಬುದೇ ನನ್ನ ವಾದ.

ಅಣುವಿನ ಪಾಲು ಎಷ್ಟು?

ಪೆಪ್ಟೈಡ್ ಎಂದರೆ ಅಮೈನೊ ಆಮ್ಲಗಳ ಗಿಡ್ಡ ಸರಪಣಿ. ಇಂಥ ಸರಪಣಿ ಉದ್ದವಾದರೆ ಪ್ರೋಟೀನ್. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 40 ಕೊಂಡಿಗಳಲ್ಲಿ ಗೆರೆ ಎಳೆದಿದೆ: ಅಷ್ಟು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪೆಪ್ಟೈಡ್. ಹೆರಿಗೆಯಲ್ಲಿ ಬಳಸುವ ಆಕ್ಸಿಟೋಸಿನ್‌ಗೆ 9 ಕೊಂಡಿ, ಜಿಮ್‌ಗಳಲ್ಲಿ ಬಾಯಿಂದ ಬಾಯಿಗೆ ಹಬ್ಬಿರುವ ಬಿಪಿಸಿ-157ಕ್ಕೆ 15, ಸೆಮಗ್ಲುಟೈಡ್‌ಗೆ 31, ಅದರ ಪ್ರತಿಸ್ಪರ್ಧಿ ಔಷಧ ಟಿರ್ಜೆಪಟೈಡ್‌ಗೆ 39. ಇನ್ಸುಲಿನ್ 51 ಕೊಂಡಿಯದ್ದು, ಹಾಗಾಗಿ ಅದು ಗೆರೆಯ ಆಚೆ.

ಗಿಡ್ಡ ಸರಪಣಿಗೂ ಬೆಲೆಗೂ ನೇರ ನಂಟಿದೆ. 1963ರಲ್ಲಿ ಬ್ರೂಸ್ ಮೆರಿಫೀಲ್ಡ್ ಎಂಬ ರಸಾಯನ ವಿಜ್ಞಾನಿ, ಸರಪಣಿಯ ಒಂದು ತುದಿಯನ್ನು ಗಟ್ಟಿಯಾದ ರಾಳದ ಮಣಿಗೆ ಕಟ್ಟಿಹಾಕಿ, ಒಂದೊಂದೇ ಅಮೈನೊ ಆಮ್ಲವನ್ನು ಪೋಣಿಸುತ್ತ ಹೋಗುವ ವಿಧಾನವನ್ನು ಪ್ರಕಟಿಸಿದರು. 1984ರಲ್ಲಿ ಅದಕ್ಕೆ ನೊಬೆಲ್ ಬಂತು. ಯಂತ್ರಕ್ಕೆ ವಹಿಸಬಹುದಾದ ಕೆಲಸ ಅದು. ಜೀವಕೋಶಗಳನ್ನು ಸಾಕಿ ತೆಗೆಯಬೇಕಾದ ದೊಡ್ಡ ಪ್ರೋಟೀನ್ ಔಷಧಗಳಿಗೆ ಭಾರಿ ಕಾರ್ಖಾನೆ ಬೇಕು. ಗಿಡ್ಡ ಪೆಪ್ಟೈಡನ್ನು ಜಗತ್ತಿನ ಹಲವು ಮೂಲೆಗಳ ರಾಸಾಯನಿಕ ಘಟಕಗಳು ಪೋಣಿಸಿ ಕೊಡಬಲ್ಲವು. ಅಗ್ಗದ ದಾರಿಗಳು ಹುಟ್ಟಿಕೊಂಡದ್ದೇ ಇದರಿಂದ.

ಹಾಗಾದರೆ ಅಣುವಿಗೇ ಎಷ್ಟು ಬೀಳುತ್ತದೆ? 2024ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ, ಮಧುಮೇಹಕ್ಕೆ ಕೊಡುವ ಸೆಮಗ್ಲುಟೈಡ್ ಇಂಜೆಕ್ಷನ್ನನ್ನು ಲಾಭಾಂಶ ಸೇರಿಸಿಯೂ ತಿಂಗಳಿಗೆ 0.89ರಿಂದ 4.73 ಡಾಲರ್‌ಗೆ ತಯಾರಿಸಿ ಕೊಡಬಹುದು. ಈ ಸಂಖ್ಯೆಯನ್ನು ಓದಿ ಸಿಟ್ಟು ಬರುವುದು ಸಹಜ, ನನಗೂ ಬಂತು. ಆದರೆ ಸಂಶೋಧನೆಯ ವರ್ಷಗಳು, ಸಾವಿರಾರು ಜನರ ಮೇಲಿನ ಪ್ರಯೋಗಗಳು, ನಡುವಿನ ದಲ್ಲಾಳಿಗಳ ಪಾಲು, ಪೇಟೆಂಟಿನ ಏಕಸ್ವಾಮ್ಯ ಇವೆಲ್ಲ ಆ ಲೆಕ್ಕದ ಹೊರಗಿವೆ. ಯಾವ ದಾರಿ ಹಿಡಿದರೂ ಕೊಡುವ ಹಣದಲ್ಲಿ ಅಣುವಿನ ಪಾಲು ಚಿಕ್ಕದು ಎಂಬಷ್ಟನ್ನು ಅದು ತೋರಿಸುತ್ತದೆ.

ಮಿಲಿಗ್ರಾಂ ಲೆಕ್ಕ ಎಲ್ಲಿ ಕೈಕೊಡುತ್ತದೆ

ಎರಡು ಕಡೆಯ ಬೆಲೆ ಹೋಲಿಸಲು ಹೊರಟವರು ಸಾಮಾನ್ಯವಾಗಿ ಮಾಡುವುದು ಒಂದು ಮಿಲಿಗ್ರಾಂಗೆ ಎಷ್ಟು ಎಂಬ ಭಾಗಾಕಾರ. ಸಲಹೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಬ್ರ್ಯಾಂಡ್ ಪೆನ್ನುಗಳ ಬೆಲೆ ಮಿಲಿಗ್ರಾಂ ನೋಡಿ ಇಟ್ಟದ್ದಲ್ಲ. ವೆಗೊವಿಯ ಮೊದಲ ತಿಂಗಳ ಡೋಸ್ ವಾರಕ್ಕೆ 0.25 ಮಿಲಿಗ್ರಾಂ, ಅಂದರೆ ನಾಲ್ಕು ವಾರಕ್ಕೆ ಒಟ್ಟು 1 ಮಿಲಿಗ್ರಾಂ. ಪೂರ್ಣ ಡೋಸ್ ವಾರಕ್ಕೆ 2.4, ನಾಲ್ಕು ವಾರಕ್ಕೆ 9.6 ಮಿಲಿಗ್ರಾಂ. ಎರಡರ ಪಟ್ಟಿಬೆಲೆಯೂ ಅದೇ 1,349 ಡಾಲರ್. ಒಂದೇ ಔಷಧ ಮೊದಲ ತಿಂಗಳು ಮಿಲಿಗ್ರಾಂಗೆ 1,349 ಡಾಲರ್, ಐದನೇ ತಿಂಗಳು ಸುಮಾರು 140 ಡಾಲರ್!

ಟಿರ್ಜೆಪಟೈಡ್‌ನದ್ದೂ ಇದೇ ಕಥೆ. ತೂಕಕ್ಕಾಗಿ ಇರುವ ಅದರ ಬ್ರ್ಯಾಂಡ್ ಜೆಪ್‌ಬೌಂಡ್ 2023ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದಾಗ 2.5 ಮಿಲಿಗ್ರಾಂನಿಂದ 15 ಮಿಲಿಗ್ರಾಂವರೆಗಿನ ಎಲ್ಲ ಪೆನ್ನುಗಳಿಗೂ ತಿಂಗಳಿಗೆ ಸುಮಾರು 1,060 ಡಾಲರ್ ಎಂದೇ ಬೆಲೆ ಕಟ್ಟಿದರು. ಬಾಯಿಂದ ನುಂಗುವ ಸೆಮಗ್ಲುಟೈಡ್ ಮಾತ್ರೆ ರೈಬೆಲ್ಸಸ್ ಅನ್ನು ಪಕ್ಕಕ್ಕೆ ಇಟ್ಟರಂತೂ ಈ ಲೆಕ್ಕ ಪೂರ್ತಿ ಕುಸಿಯುತ್ತದೆ. ಪೆಪ್ಟೈಡ್‌ಗಳನ್ನು ಹೊಟ್ಟೆ ಆಹಾರದಂತೆಯೇ ಜೀರ್ಣಿಸಿಬಿಡುವುದರಿಂದ ಮಾತ್ರೆಯ ಬಹುಪಾಲು ರಕ್ತಕ್ಕೆ ತಲುಪುವುದೇ ಇಲ್ಲ. ದಿನಕ್ಕೆ 14 ಮಿಲಿಗ್ರಾಂ, ಅಂದರೆ ವಾರಕ್ಕೆ 98 ಮಿಲಿಗ್ರಾಂ ನುಂಗಬೇಕು. ಇಂಜೆಕ್ಷನ್ ಆದರೆ ವಾರಕ್ಕೆ 1 ಅಥವಾ 2 ಮಿಲಿಗ್ರಾಂ ಸಾಕು. ಮಿಲಿಗ್ರಾಂ ಲೆಕ್ಕ ಹಿಡಿದರೆ ಮಾತ್ರೆ ಭಾರಿ ಅಗ್ಗ, ಆದರೆ ತಿಂಗಳ ಪಟ್ಟಿಬೆಲೆಯಲ್ಲಿ ಅದೂ ಮಧುಮೇಹದ ಇಂಜೆಕ್ಷನ್ ಓಜೆಂಪಿಕ್ ಕೂಡ ಹೆಚ್ಚುಕಡಿಮೆ ಸಮ.

ಅದಕ್ಕೇ ಭಾಗಾಕಾರ ಬಿಟ್ಟು, ಚಿಕಿತ್ಸೆ ನೆಲೆಗೊಳ್ಳುವ ಡೋಸ್‌ನಲ್ಲಿ ಒಂದು ವರ್ಷಕ್ಕೆ ಒಟ್ಟು ಎಷ್ಟು ಎಂದು ಕೇಳುವುದು ಮೇಲು. ‘ತಿಂಗಳಿಗೆ ಇಷ್ಟರಿಂದ ಶುರು’ ಎಂಬ ಜಾಹೀರಾತು ಹೆಚ್ಚಾಗಿ ಆರಂಭದ ಡೋಸ್‌ನ ಬೆಲೆ. ವೆಗೊವಿ ಪೂರ್ಣ ಡೋಸ್‌ಗೆ ಏರಲು 16 ವಾರ ಹಿಡಿಯುತ್ತದೆ, ಉಳಿದ 36 ವಾರಗಳ ಬೆಲೆ ಯಾವುದೆಂದು ಜಾಹೀರಾತು ಹೇಳದಿದ್ದರೆ ಕೇಳಿಯೇ ತಿಳಿಯಬೇಕು. ಇಲ್ಲೊಂದು ಸಣ್ಣ ಮೋಸವೂ ಇದೆ, ಬೇಕೆಂದು ಮಾಡಿದ್ದಲ್ಲ, ಆದರೂ ಜೇಬಿಗೆ ತಾಗುತ್ತದೆ. ಒಂದು ಪೆಟ್ಟಿಗೆಯಲ್ಲಿ ನಾಲ್ಕು ವಾರದ ಔಷಧ ಇರುತ್ತದೆ. ವರ್ಷಕ್ಕೆ ವಾರಗಳು 52, ಹಾಗಾಗಿ ಕೊಳ್ಳಬೇಕಾದ ಪೆಟ್ಟಿಗೆ 12 ಅಲ್ಲ, 13. 2025ರಲ್ಲಿ ತಿಂಗಳಿಗೆ 499 ಎಂದಾಗ ಮನಸ್ಸು 5,988 ಎಂದು ಲೆಕ್ಕ ಹಾಕುತ್ತಿತ್ತು, ಜೇಬಿನಿಂದ ಹೋಗುತ್ತಿದ್ದದ್ದು 6,487. ಪಟ್ಟಿಬೆಲೆಯಲ್ಲಾದರೆ ವರ್ಷಕ್ಕೆ ಹದಿನೇಳೂವರೆ ಸಾವಿರ ಡಾಲರ್.

ವಿಮೆ: ಅಗ್ಗದ ದಾರಿ, ಕಿರಿದಾದ ಬಾಗಿಲು

ವಿಮೆ ಒಪ್ಪಿದರೆ ಅದಕ್ಕಿಂತ ಅಗ್ಗದ, ಅದಕ್ಕಿಂತ ಸುರಕ್ಷಿತ ದಾರಿ ಇಲ್ಲ. ಒಪ್ಪಿಸುವುದೇ ಕಷ್ಟ. ಪ್ರಯರ್ ಆಥರೈಸೇಷನ್ ಎಂಬ ಮುಂಗಡ ಅನುಮತಿ ಬೇಕು, ವೈದ್ಯರು ತೂಕ, ರಕ್ತಪರೀಕ್ಷೆ, ಹಿಂದೆ ಕೊಟ್ಟ ಔಷಧಗಳ ದಾಖಲೆ ಕಳಿಸಬೇಕು. ಕೆಲವು ವಿಮೆಗಳು ಮೊದಲು ಅಗ್ಗದ ಔಷಧ ಪ್ರಯತ್ನಿಸಿ ಸೋತು ಬನ್ನಿ ಎನ್ನುತ್ತವೆ.

ಇದೆಲ್ಲ ನಿಂತಿರುವುದು ವೈದ್ಯರ ಚೀಟಿಯಲ್ಲಿ ಬರೆದ ಕಾಯಿಲೆಯ ಹೆಸರಿನ ಮೇಲೆ. ಸೆಮಗ್ಲುಟೈಡ್ ಅಣು ಒಂದೇ ಆದರೂ ಟೈಪ್ 2 ಮಧುಮೇಹಕ್ಕೆ ಅದು ಓಜೆಂಪಿಕ್, ತೂಕಕ್ಕೆ ವೆಗೊವಿ. ಮೊದಲನೆಯದಕ್ಕೆ ಹಣ ಕೊಡುವ ವಿಮೆ ಎರಡನೆಯದಕ್ಕೆ ಹಲವೊಮ್ಮೆ ಕೈ ಅಲ್ಲಾಡಿಸುತ್ತದೆ. ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್‌ಗೆ ಔಷಧ ಸೌಲಭ್ಯ ತಂದ 2003ರ ಕಾಯ್ದೆಯೇ ತೂಕ ಇಳಿಸುವ ಔಷಧಗಳನ್ನು ಹೊರಗಿಟ್ಟಿತು. ಆದರೆ 2024ರ ಮಾರ್ಚ್‌ನಲ್ಲಿ, ಹೃದ್ರೋಗ ಇರುವ ಸ್ಥೂಲಕಾಯರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ತಗ್ಗಿಸಲು ವೆಗೊವಿಗೆ ಒಪ್ಪಿಗೆ ಸಿಕ್ಕಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ನಿದ್ರೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾಗೆ ಜೆಪ್‌ಬೌಂಡ್‌ಗೆ ಸಿಕ್ಕಿತು. ಕಾನೂನು ಬದಲಾಗದೆಯೇ ಈ ಎರಡು ಕಾಯಿಲೆ ಇದ್ದವರಿಗೆ ಮೆಡಿಕೇರ್ ಬಾಗಿಲು ತೆರೆಯಿತು. ಗೊರಕೆ, ಹಗಲು ನಿದ್ದೆ ಎಂದು ವರ್ಷಗಟ್ಟಲೆ ಅಲಕ್ಷಿಸಿದವರು ಒಂದು ನಿದ್ರಾಪರೀಕ್ಷೆ ಮಾಡಿಸಿಕೊಂಡರೆ, ಚಿಕಿತ್ಸೆಗೂ ಒಳ್ಳೆಯದು, ಖರ್ಚಿಗೂ ಒಳ್ಳೆಯದು. ಇಲ್ಲದ ಕಾಯಿಲೆ ಬರೆಸಿ ಎಂದಲ್ಲ, ಇರುವುದು ದಾಖಲೆಯಲ್ಲಿ ಇದೆಯೇ ಎಂದು ನೋಡಿಕೊಳ್ಳಿ ಎಂದು.

ವಿಮೆಯೊಳಗೂ ತಿಂಗಳ ಖರ್ಚು ಸಮನಾಗಿ ಇರುವುದಿಲ್ಲ. ವಿಮೆ ತನ್ನ ಪಾಲು ಕೊಡಲು ಶುರುಮಾಡುವ ಮುನ್ನ ನಾವೇ ತುಂಬಬೇಕಾದ ಮೊತ್ತಕ್ಕೆ ಡಿಡಕ್ಟಿಬಲ್ ಎನ್ನುತ್ತಾರೆ. ಅದು ಹೊಸ ವಿಮಾ ವರ್ಷದೊಂದಿಗೆ, ಹೆಚ್ಚಿನವರಿಗೆ ಜನವರಿಯಲ್ಲಿ, ಮತ್ತೆ ಸೊನ್ನೆಯಿಂದ ಶುರು. ಡಿಸೆಂಬರ್‌ನಲ್ಲಿ 25 ಡಾಲರ್ ಕೊಟ್ಟವರಿಗೆ ಜನವರಿಯಲ್ಲಿ ನೂರಾರು ಡಾಲರ್‌ನ ಬಿಲ್ ಬರಬಹುದು. ಕಂಪನಿಗಳು ಕೊಡುವ ಉಳಿತಾಯದ ಕಾರ್ಡು ಆಗ ನೆರವಿಗೆ ಬರುತ್ತದೆ, ಆದರೆ ಖಾಸಗಿ ವಿಮೆಯವರಿಗೆ ಮಾತ್ರ. ಮೆಡಿಕೇರ್‌ನವರು, ಬಡವರ ಸರ್ಕಾರಿ ವಿಮೆ ಮೆಡಿಕೇಯ್ಡ್‌ನವರು ಅದನ್ನು ಬಳಸುವುದಕ್ಕೆ ಕೇಂದ್ರ ಸರ್ಕಾರದ ಲಂಚ ವಿರೋಧಿ ಕಾನೂನು ಅಡ್ಡ ಬರುತ್ತದೆ. ಇನ್ನು ಈ ಬಾಗಿಲು ಯಾವಾಗ ಬೇಕಾದರೂ ಮುಚ್ಚಿಕೊಳ್ಳಬಹುದು. 2025ರ ಜುಲೈನಲ್ಲಿ, ವಿಮೆಗಳ ಪರವಾಗಿ ಔಷಧಪಟ್ಟಿ ನೋಡಿಕೊಳ್ಳುವ ಸಿವಿಎಸ್ ಕೇರ್‌ಮಾರ್ಕ್ ತನ್ನ ಮುಖ್ಯ ಪಟ್ಟಿಯಿಂದ ಜೆಪ್‌ಬೌಂಡನ್ನು ಕೈಬಿಟ್ಟು ವೆಗೊವಿಯನ್ನು ಉಳಿಸಿಕೊಂಡಾಗ, ಒಂದು ಔಷಧಕ್ಕೆ ಒಗ್ಗಿದ್ದ ಮೈಗಳು ಇನ್ನೊಂದಕ್ಕೆ ಬದಲಾಗಬೇಕಾಯಿತು.

ಕಂಪನಿಯಿಂದ ನೇರ

ವಿಮೆ ಇಲ್ಲದವರಿಗೆ 2024ರಿಂದ ಹೊಸ ದಾರಿಯೊಂದು ತೆರೆದಿದೆ. ಜೆಪ್‌ಬೌಂಡ್ ತಯಾರಿಸುವ ಇಲೈ ಲಿಲ್ಲಿ ಕಂಪನಿ ಆ ವರ್ಷದ ಜನವರಿಯಲ್ಲಿ ನೇರ ಮಾರಾಟದ ವ್ಯವಸ್ಥೆ ಶುರುಮಾಡಿ, ಆಗಸ್ಟ್‌ನಲ್ಲಿ ಜೆಪ್‌ಬೌಂಡನ್ನು ಪೆನ್ನಿನ ಬದಲು ವಯಲ್ ಎಂಬ ಪುಟ್ಟ ಶೀಶೆಯಲ್ಲಿ ಕೊಡತೊಡಗಿತು. ಮೊದಲು 2.5 ಮಿಲಿಗ್ರಾಂಗೆ ತಿಂಗಳಿಗೆ 399, 5 ಮಿಲಿಗ್ರಾಂಗೆ 549 ಡಾಲರ್. 2025ರ ಫೆಬ್ರವರಿಯಲ್ಲಿ ಅದು 349 ಮತ್ತು 499ಕ್ಕೆ ಇಳಿಯಿತು. ಪೆನ್ ಹೋಗಿ ಸಿರಿಂಜ್ ಬಂದದ್ದು, ನಡುವಿನ ದಲ್ಲಾಳಿಗಳು ಹೋದದ್ದು, ಪೈಪೋಟಿ ಬಿಸಿಯಾದದ್ದು ಮೂರೂ ಸೇರಿ ಆದ ಇಳಿಕೆ ಇದು. ಔಷಧ ಮಾತ್ರ ಪೂರ್ತಿ ಪರೀಕ್ಷೆಗೊಳಗಾದ, ಒಪ್ಪಿಗೆ ಪಡೆದ ಅದೇ ಔಷಧ. ನನ್ನ ಮಟ್ಟಿಗೆ, ವಿಮೆ ಒಲಿಯದವರು ಉಳಿದ ಎಲ್ಲ ದಾರಿಗಳನ್ನೂ ಕಂಪನಿಯ ಅಂದಂದಿನ ನೇರ ಬೆಲೆಗೆ ಹೋಲಿಸಿ ನೋಡಬೇಕು, 1,349ಕ್ಕೆ ಹೋಲಿಸಿ ಅಲ್ಲ. ಪಟ್ಟಿಬೆಲೆಯ ಪಕ್ಕದಲ್ಲಿ ಏನಿಟ್ಟರೂ ಅಗ್ಗವಾಗಿಯೇ ಕಾಣುತ್ತದೆ.

ಎರಡು ವಿಷಯ ಗಮನಿಸಬೇಕು. ಹೀಗೆ ಕೈಯಿಂದ ಕೊಟ್ಟ ಹಣ ಸಾಮಾನ್ಯವಾಗಿ ವಿಮೆಯ ಡಿಡಕ್ಟಿಬಲ್ ಲೆಕ್ಕಕ್ಕೆ ಸೇರುವುದಿಲ್ಲ. ಅದೇ ವರ್ಷ ಆಪರೇಷನ್ನೋ ಹೆರಿಗೆಯೋ ಇದ್ದರೆ ಈ ವ್ಯತ್ಯಾಸ ದೊಡ್ಡದು. ಇನ್ನೊಂದು, 7.5 ಮತ್ತು 10 ಮಿಲಿಗ್ರಾಂ ವಯಲ್‌ಗಳಿಗೂ 499 ಎಂದು ಲಿಲ್ಲಿ ಹೇಳಿದಾಗ 45 ದಿನದೊಳಗೆ ಮರುಖರೀದಿ ಮಾಡಬೇಕೆಂಬ ಷರತ್ತಿತ್ತು. ತಪ್ಪಿದರೆ ಹೆಚ್ಚಿನ ಬೆಲೆ. ಕಾಯಿಲೆ ಬಿದ್ದು, ಪ್ರಯಾಣ ಹೋಗಿ ಒಂದು ತಿಂಗಳು ಬಿಟ್ಟವರಿಗೆ ಇದು ಅರಿವಿಲ್ಲದ ದಂಡ.

ಕಾಂಪೌಂಡಿಂಗ್: 199 ಡಾಲರ್‌ನ ಹಿಂದಿನ ಕಾನೂನು

ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ಕಾಂಪೌಂಡಿಂಗ್ ಎಂದರೆ ಸಿದ್ಧ ಔಷಧ ಒಗ್ಗದ ರೋಗಿಗೆ ಫಾರ್ಮಸಿಸ್ಟ್ ಬೇರೆಯಾಗಿ ಬೆರೆಸಿ ಕೊಡುವುದು. ಮಾತ್ರೆ ನುಂಗಲಾಗದ ಮಗುವಿಗೆ ಸಿರಪ್, ಒಂದು ಬಣ್ಣಕ್ಕೆ ಅಲರ್ಜಿ ಇದ್ದವರಿಗೆ ಆ ಬಣ್ಣವಿಲ್ಲದ ಕ್ಯಾಪ್ಸೂಲ್. ಹಳೆಯ, ಗೌರವದ ಕೆಲಸ. ಇಂಥ ಔಷಧವನ್ನು ಎಫ್‌ಡಿಎ ಮುಂಚಿತವಾಗಿ ಪರಿಶೀಲಿಸುವುದಿಲ್ಲ. ಹಾಗಾಗಿಯೇ ಮಾರುಕಟ್ಟೆಯಲ್ಲಿ ಸಿಗುವ ಔಷಧದ ನಕಲನ್ನು ಹೀಗೆ ತಯಾರಿಸುವಂತಿಲ್ಲ. ಆ ಔಷಧದ ಅಧಿಕೃತ ಅಭಾವ ಇದ್ದಾಗ ಮಾತ್ರ ಈ ನಿರ್ಬಂಧ ಸಡಿಲ.

2022ರಿಂದ ಸೆಮಗ್ಲುಟೈಡ್‌ಗೂ ಟಿರ್ಜೆಪಟೈಡ್‌ಗೂ ಅಭಾವ ಬಂತು, ಆ ಸಡಿಲಿಕೆಯಲ್ಲೇ 199 ಡಾಲರ್‌ನ ಮಾರುಕಟ್ಟೆ ಬೆಳೆಯಿತು. ಟಿರ್ಜೆಪಟೈಡ್ ಅಭಾವ ಮುಗಿಯಿತೆಂದು 2024ರ ಡಿಸೆಂಬರ್‌ನಲ್ಲಿ, ಸೆಮಗ್ಲುಟೈಡ್‌ನದ್ದು ಮುಗಿಯಿತೆಂದು 2025ರ ಫೆಬ್ರವರಿಯಲ್ಲಿ ಎಫ್‌ಡಿಎ ಘೋಷಿಸಿತು, ಕೆಲವು ತಿಂಗಳ ಗಡುವು ಕೊಟ್ಟು ನಕಲು ನಿಲ್ಲಿಸಲು ಹೇಳಿತು. ಆಮೇಲೂ ‘ನಿಮಗೆಂದೇ ಹೊಂದಿಸಿದ ಡೋಸ್’, ‘ವಿಟಮಿನ್ ಬಿ12 ಸೇರಿಸಿದ್ದು’ ಎಂಬ ಹೆಸರಲ್ಲಿ ಮಾರಾಟ ಮುಂದುವರಿದದ್ದು, ಇದು ನಕಲಲ್ಲ ಎಂದು ತೋರಿಸುವುದಕ್ಕೆ. ಅಗ್ಗದ ಬೆಲೆ ಕಾನೂನಿನ ಒಂದು ಕಿಂಡಿಯ ಮೇಲೆ ನಿಂತಿದ್ದರೆ, ಕಿಂಡಿ ಮುಚ್ಚಿದ ದಿನ ಚಿಕಿತ್ಸೆಯೂ ನಿಲ್ಲಬಹುದು. ಆರು ತಿಂಗಳ ಹಣ ಒಟ್ಟಿಗೆ ಕಟ್ಟಿ ಎನ್ನುವ ಯೋಜನೆಗೆ ಸಹಿ ಹಾಕುವ ಮುನ್ನ ಇದನ್ನು ನೆನೆಯಬೇಕು.

ಈ ಫಾರ್ಮಸಿಗಳಲ್ಲೂ ಎರಡು ಜಾತಿ. ಅಮೆರಿಕದ ಔಷಧ ಕಾಯ್ದೆಯ 503ಎ ವಿಧಿಯಡಿ ಬರುವುದು ಒಬ್ಬೊಬ್ಬ ರೋಗಿಯ ಚೀಟಿ ನೋಡಿ ತಯಾರಿಸುವ ಫಾರ್ಮಸಿ, ಅದರ ಮೇಲ್ವಿಚಾರಣೆ ಮುಖ್ಯವಾಗಿ ಆಯಾ ರಾಜ್ಯದ ಮಂಡಳಿಯದ್ದು. 503ಬಿ ಎಂದರೆ ಎಫ್‌ಡಿಎ ಬಳಿ ನೋಂದಾಯಿಸಿ, ಔಷಧ ಕಾರ್ಖಾನೆಯ ತಯಾರಿಕಾ ನಿಯಮಗಳಿಗೆ ಒಳಪಟ್ಟು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಘಟಕ. ಈ ವಿಂಗಡಣೆ ಸುಮ್ಮನೆ ಬಂದದ್ದಲ್ಲ. 2012ರಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ಕಾಂಪೌಂಡಿಂಗ್ ಘಟಕದ ಸ್ಟೀರಾಯ್ಡ್ ಇಂಜೆಕ್ಷನ್ನುಗಳಿಗೆ ಬೂಷ್ಟು ಸೇರಿ, 750ಕ್ಕೂ ಹೆಚ್ಚು ಜನರಿಗೆ ಸೋಂಕಾಯಿತು, 60ಕ್ಕೂ ಹೆಚ್ಚು ಜನ ಸತ್ತರು. ಬೆನ್ನುನೋವಿಗೆಂದು ಚುಚ್ಚಿಸಿಕೊಂಡವರು ಮಿದುಳುಪೊರೆಯ ಸೋಂಕಿನಿಂದ ಹೋದರು. ಮರುವರ್ಷ ಬಂದ ಕಾಯ್ದೆ 503ಬಿ ಎಂಬ ಹೊಸ ವರ್ಗವನ್ನು ಸೃಷ್ಟಿಸಿತು. ನಿಮ್ಮ ಔಷಧ ಯಾವ ಬಗೆಯ ಫಾರ್ಮಸಿಯಿಂದ ಬರುತ್ತದೆ ಎಂದು ಕೇಳಿದರೆ ಮಾರುವವರು ತಡವರಿಸದೆ ಹೆಸರು ಹೇಳಬೇಕು. ಹೇಳದವರ ಬೆಲೆಯನ್ನು ಹೋಲಿಕೆಗೇ ತೆಗೆದುಕೊಳ್ಳಬೇಡಿ.

ಅಳತೆಯ ಹೊಣೆಯೂ ಇಲ್ಲಿ ಕೈ ಬದಲಾಯಿಸುತ್ತದೆ. ಬ್ರ್ಯಾಂಡ್ ಪೆನ್ ಒತ್ತಿದರೆ ನಿಗದಿತ ಡೋಸ್ ಹೋಗುತ್ತದೆ. ಕಾಂಪೌಂಡಿಂಗ್ ವಯಲ್‌ನಿಂದ ಇನ್ಸುಲಿನ್ ಸಿರಿಂಜ್‌ಗೆ ಸೆಳೆಯುವವರು ನೀವೇ. ಸಿರಿಂಜ್ ಮೇಲೆ ಇರುವುದು ‘ಯೂನಿಟ್’ ಗೆರೆ, ಚೀಟಿಯಲ್ಲಿ ಇರುವುದು ಮಿಲಿಗ್ರಾಂ. ಒಂದು ಮಿಲಿಲೀಟರ್‌ಗೆ 100 ಯೂನಿಟ್. ದ್ರವದ ಸಾಂದ್ರತೆ ಮಿಲಿಲೀಟರ್‌ಗೆ 5 ಮಿಲಿಗ್ರಾಂ ಇದ್ದರೆ 10 ಯೂನಿಟ್ ಎಂದರೆ ಅರ್ಧ ಮಿಲಿಗ್ರಾಂ, ಮುಂದಿನ ಸಲ ಬಂದ ಶೀಶೆಯಲ್ಲಿ ಅದು ಮಿಲಿಲೀಟರ್‌ಗೆ 10 ಮಿಲಿಗ್ರಾಂ ಆದರೆ ಅದೇ ಗೆರೆಗೆ ಡೋಸ್ ದುಪ್ಪಟ್ಟು. 2024ರ ಜುಲೈನಲ್ಲಿ ಎಫ್‌ಡಿಎ ಹೊರಡಿಸಿದ ಎಚ್ಚರಿಕೆಯಲ್ಲಿ, ಹೇಳಿದ್ದಕ್ಕಿಂತ 5ರಿಂದ 20 ಪಟ್ಟು ಹೆಚ್ಚು ಸೆಮಗ್ಲುಟೈಡ್ ಚುಚ್ಚಿಕೊಂಡು ವಾಂತಿ, ನಿರ್ಜಲೀಕರಣದಿಂದ ಬಳಲಿದವರ, ಆಸ್ಪತ್ರೆ ಸೇರಿದವರ ವಿವರಗಳಿವೆ. ತುರ್ತು ಚಿಕಿತ್ಸಾ ವಿಭಾಗದ ಒಂದೇ ಒಂದು ರಾತ್ರಿ ವರ್ಷವಿಡೀ ಉಳಿಸಿದ್ದನ್ನು ನುಂಗಿಹಾಕಬಲ್ಲದು.

ಹಾಗೆಂದು ಕಾಂಪೌಂಡಿಂಗ್ ದಾರಿ ಹಿಡಿದವರನ್ನು ದೂರುವ ಮನಸ್ಸು ನನಗಿಲ್ಲ. 1,349 ಡಾಲರ್ ಎಂಬ ಗೋಡೆಯ ಮುಂದೆ ನಿಂತವರು ಸಿಕ್ಕ ಬಾಗಿಲನ್ನು ತಟ್ಟಿದರು. ಆ ಪೈಪೋಟಿ ಇಲ್ಲದಿದ್ದರೆ ದೊಡ್ಡ ಕಂಪನಿಗಳು 499ಕ್ಕೆ ಇಷ್ಟು ಬೇಗ ಇಳಿಯುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ವೆಲ್‌ನೆಸ್ ಕ್ಲಿನಿಕ್: ಮೂಗಿಗಿಂತ ಮೂಗುತಿ ಭಾರ

‘ಪೆಪ್ಟೈಡ್ ಥೆರಪಿ’ ಎಂಬ ಮಾತನ್ನು ಹೆಚ್ಚು ಬಳಸುವವರು ವಯಸ್ಸು ತಡೆಯುವ, ಗಾಯ ಮಾಯಿಸುವ, ಸ್ನಾಯು ಬೆಳೆಸುವ ಭರವಸೆ ಕೊಡುವ ಕ್ಲಿನಿಕ್‌ಗಳು. ಸರ್ಮೊರೆಲಿನ್, ಇಪಮೊರೆಲಿನ್, ಬಿಪಿಸಿ-157 ಇಲ್ಲಿನ ಹೆಸರುಗಳು. ವಿಮೆ ಇವಕ್ಕೆ ಹಣ ಕೊಡುವುದಿಲ್ಲ. ಬಿಲ್ ಬಿಡಿಸಿ ನೋಡಿದರೆ ಔಷಧಕ್ಕಿಂತ ಸುತ್ತಲಿನದ್ದೇ ಹೆಚ್ಚು: ಸದಸ್ಯತ್ವ, ಮೊದಲ ಭೇಟಿ, ರಕ್ತಪರೀಕ್ಷೆಯ ಪ್ಯಾಕೇಜ್, ಮೂರು ತಿಂಗಳಿಗೊಮ್ಮೆ ಮರುಪರೀಕ್ಷೆ, ಸಿರಿಂಜ್, ತಣ್ಣಗಿಟ್ಟು ಕಳಿಸುವ ಸಾಗಣೆ. ಎರಡು ಕ್ಲಿನಿಕ್‌ಗಳ ವಯಲ್ ಬೆಲೆ ಹೋಲಿಸಿ ಪ್ರಯೋಜನವಿಲ್ಲ, ಮೊದಲ ವರ್ಷದ ಪೂರ್ತಿ ಮೊತ್ತವನ್ನು ಬರವಣಿಗೆಯಲ್ಲಿ ಕೇಳಬೇಕು.

ಅದಕ್ಕೂ ಮೊದಲಿನ ಪ್ರಶ್ನೆ, ಕೊಳ್ಳುತ್ತಿರುವ ಪರಿಣಾಮ ಎಷ್ಟು ಖಚಿತ ಎಂಬುದು. ಸೆಮಗ್ಲುಟೈಡ್ ವಿಷಯದಲ್ಲಿ ಗೊತ್ತಿದೆ: ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಶೇ. 14.9ರಷ್ಟು ತೂಕ ಇಳಿಯಿತು. ಖರ್ಚನ್ನು ಈ ಫಲದ ಪಕ್ಕ ಇಟ್ಟು ತೂಗಬಹುದು. ಬಿಪಿಸಿ-157ರ ಬಗ್ಗೆ ಇರುವುದು ಬಹುಪಾಲು ಇಲಿಗಳ ಮೇಲಿನ ಅಧ್ಯಯನಗಳು. ಎಫ್‌ಡಿಎ 2023ರ ಸೆಪ್ಟೆಂಬರ್‌ನಲ್ಲಿ ಅದನ್ನು ಸುರಕ್ಷತೆಯ ಆತಂಕವಿರುವ ಕಾಂಪೌಂಡಿಂಗ್ ವಸ್ತುಗಳ ವರ್ಗಕ್ಕೆ ಸೇರಿಸಿತು, ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ 2022ರಿಂದ ನಿಷೇಧಿಸಿದೆ. ಸರ್ಮೊರೆಲಿನ್ ಕಥೆ ಸ್ವಲ್ಪ ಬೇರೆ, ಅದು ಹಿಂದೊಮ್ಮೆ ಒಪ್ಪಿಗೆ ಪಡೆದ ಔಷಧವಾಗಿತ್ತು. ಆದರೆ ಆ ಒಪ್ಪಿಗೆ ಇದ್ದದ್ದು ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ, ದಣಿದ ನಲವತ್ತರ ದೇಹಕ್ಕಲ್ಲ. ಫಲವೇ ಅನುಮಾನದಲ್ಲಿರುವಾಗ ಅಗ್ಗದ ಕ್ಲಿನಿಕ್ ಯಾವುದು ಎಂಬ ಹುಡುಕಾಟಕ್ಕೆ ಅರ್ಥ ಉಳಿಯುವುದಿಲ್ಲ.

ಸಂಶೋಧನೆಗೆ ಮಾತ್ರ

‘ಕಾಸಿಗೆ ತಕ್ಕ ಕಜ್ಜಾಯ’ ಎಂಬ ಮಾತು ಇಲ್ಲಿಯವರೆಗೆ ಅರ್ಧ ಮಾತ್ರ ನಿಜವಾಗಿತ್ತು, 25 ಡಾಲರ್ ಕೊಟ್ಟವರಿಗೂ 1,349 ಕೊಟ್ಟವರಿಗೂ ಸಿಕ್ಕದ್ದು ಒಂದೇ ಪೆನ್. ಅತಿ ಅಗ್ಗದ ಈ ಪುಡಿಯ ದಾರಿಯಲ್ಲಿ ಅದು ಪೂರ್ತಿ ನಿಜ. ಚೀಟಿಯ ಮೇಲಿನ ಸಾಲು ಮಾರುವವರ ಹೊಣೆಯನ್ನು ಒಂದೇ ಏಟಿಗೆ ಕಳಚಿಹಾಕುತ್ತದೆ. 2024ರ ಡಿಸೆಂಬರ್‌ನಲ್ಲಿ ಇಂಥ ಕೆಲವು ಮಾರಾಟಗಾರರಿಗೆ ಎಫ್‌ಡಿಎ ಎಚ್ಚರಿಕೆ ಪತ್ರ ಕಳಿಸಿ, ಚೀಟಿ ಏನೇ ಹೇಳಲಿ, ಜನರಿಗೇ ಮಾರುತ್ತಿದ್ದೀರಿ ಎಂದಿತು.

ಇವರು ತೋರಿಸುವ ದೊಡ್ಡ ಸಾಕ್ಷಿ ‘ಶೇ. 99 ಶುದ್ಧ’ ಎಂಬ ಪ್ರಯೋಗಾಲಯದ ಪತ್ರ. ಅದು ಹೇಳುವುದೇನು ಎಂದು ತಿಳಿದವರು ಕಡಿಮೆ. ಎಚ್‌ಪಿಎಲ್‌ಸಿ ಎಂಬ ಆ ಪರೀಕ್ಷೆ, ಪುಡಿಯಲ್ಲಿರುವ ಪೆಪ್ಟೈಡ್‌ಗಳ ಪೈಕಿ ಬಯಸಿದ್ದು ಎಷ್ಟು ಪಾಲು ಎಂದು ಹೇಳುತ್ತದೆ. ಪುಡಿಯಲ್ಲಿ ಲವಣವೂ ತೇವವೂ ಇರುತ್ತವೆ, ಹಾಗಾಗಿ 10 ಮಿಲಿಗ್ರಾಂ ತೂಗುವ ಶೇ. 99 ಶುದ್ಧ ಪುಡಿಯಲ್ಲಿ ಪೆಪ್ಟೈಡ್ 8 ಮಿಲಿಗ್ರಾಂ ಮಾತ್ರ ಇದ್ದರೂ ಪತ್ರ ಸುಳ್ಳಲ್ಲ. ಸೂಕ್ಷ್ಮಾಣುಗಳಿವೆಯೇ, ಸತ್ತ ಬ್ಯಾಕ್ಟೀರಿಯಾ ಬಿಟ್ಟುಹೋಗುವ ಎಂಡೊಟಾಕ್ಸಿನ್ ಎಂಬ ವಿಷ ಇದೆಯೇ ಎಂಬುದಕ್ಕೆ ಬೇರೆಯೇ ಪರೀಕ್ಷೆಗಳು ಬೇಕು. ಚರ್ಮದೊಳಕ್ಕೆ ಹೋಗುವ ವಸ್ತುವಿಗೆ ಅವೇ ಮುಖ್ಯ. ಪತ್ರದಲ್ಲಿರುವ ಬ್ಯಾಚ್ ಮತ್ತು ಕೈಯಲ್ಲಿರುವ ಶೀಶೆ ಒಂದೇ ಎಂದು ಖಾತ್ರಿಪಡಿಸುವವರೂ ಯಾರೂ ಇಲ್ಲ. ಈ ಎಲ್ಲ ಪರೀಕ್ಷೆಗಳನ್ನು ಪ್ರತಿ ಶೀಶೆಗೆ ಸ್ವಂತ ಖರ್ಚಿನಲ್ಲಿ ಮಾಡಿಸಹೊರಟರೆ, ಮತ್ತೆ ಮತ್ತೆ, ಅಗ್ಗದ ಬೆಲೆ ಕಂಪನಿಯ ನೇರ ಬೆಲೆಯನ್ನು ದಾಟಿಹೋಗುತ್ತದೆ. ಮಾಡಿಸದಿದ್ದರೆ, ಖರ್ಚು ಉಳಿದದ್ದು ಪರೀಕ್ಷೆಯನ್ನು ಬಿಟ್ಟದ್ದರಿಂದ ಮಾತ್ರ.

ಜಾಹೀರಾತಿಲ್ಲದ ದಾರಿಗಳು

ಯಾರೂ ಕೂಗಿ ಮಾರದ ಒಂದು ದಾರಿ ಇದೆ: ಹಳೆಯ ಪೆಪ್ಟೈಡ್‌ಗಳ ಜೆನೆರಿಕ್. ಸೆಮಗ್ಲುಟೈಡ್‌ಗಿಂತ ಮುಂಚಿನ ಲಿರಾಗ್ಲುಟೈಡ್‌ನ ಮಧುಮೇಹದ ರೂಪಕ್ಕೆ 2024ರ ಜೂನ್‌ನಲ್ಲಿ, ತೂಕದ ರೂಪಕ್ಕೆ 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಜೆನೆರಿಕ್ ಬಂತು. ವಾರಕ್ಕೊಮ್ಮೆಯಲ್ಲ, ದಿನವೂ ಚುಚ್ಚಿಕೊಳ್ಳಬೇಕು, ತೂಕದ ಇಳಿಕೆಯೂ ಕಡಿಮೆ. ಆದರೆ ಎಫ್‌ಡಿಎ ಪರಿಶೀಲಿಸಿದ ಔಷಧ, ಹಲವು ವರ್ಷ ಜನ ಬಳಸಿ ನೋಡಿದ್ದು. ವೈದ್ಯರಲ್ಲಿ ‘ಜೆನೆರಿಕ್ ಏನಾದರೂ ಇದೆಯೇ’ ಎಂದು ಕೇಳಲು ಹಣ ಬೇಕಿಲ್ಲ. ಇನ್ನೊಂದು ದಾರಿ ಜನರ ಮೇಲಿನ ಔಷಧ ಪ್ರಯೋಗಗಳು: ಸೇರಿದರೆ ಔಷಧ ಉಚಿತ, ಪರೀಕ್ಷೆಗಳೂ ಉಚಿತ, ಆದರೆ ಬರುವುದು ಔಷಧವೋ ಬರಿಯ ಲವಣಜಲವೋ ಎಂದು ತಿಳಿಯದು.

ಕೊನೆಗೆ, ಯಾವ ದಾರಿಯಾದರೂ, ಎಷ್ಟು ಕಾಲ ಎಂಬ ಪ್ರಶ್ನೆ. ಸೆಮಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ, ಆ ದೊಡ್ಡ ಪ್ರಯೋಗದ ಮುಂದುವರಿಕೆಯಲ್ಲಿ ಇದ್ದವರು ಕಳೆದುಕೊಂಡ ತೂಕದ ಮೂರನೇ ಎರಡು ಪಾಲನ್ನು ಮತ್ತೆ ಪಡೆದರು. ಅಂದರೆ ಆರು ತಿಂಗಳಿಗೆ ಹಣ ಹೊಂದಿಸಿಕೊಂಡು ಶುರುಮಾಡಿದವರು ಆ ಆರು ತಿಂಗಳ ಹಣವನ್ನೂ ಬಹುಪಾಲು ಕಳೆದುಕೊಳ್ಳುವ ಸಂಭವವಿದೆ. ತಿಂಗಳಿಗೆ 199ರ, ಯಾವಾಗ ನಿಲ್ಲುವುದೋ ತಿಳಿಯದ ಪೂರೈಕೆಗಿಂತ, ಎರಡು–ಮೂರು ವರ್ಷ ತಡೆಯಬಲ್ಲ ಜೆನೆರಿಕ್ ಕೆಲವರ ಲೆಕ್ಕದಲ್ಲಿ ಅಗ್ಗವಾಗಿ ಹೊರಬರುತ್ತದೆ. ಹಾಗಾಗಿ ಮೊದಲ ಭೇಟಿಯಲ್ಲೇ ವೈದ್ಯರನ್ನು ಕೇಳಬೇಕಾದ್ದು: ವಿಮೆ ಕೈಬಿಟ್ಟರೆ, ಬೆಲೆ ಏರಿದರೆ, ಡೋಸ್ ಇಳಿಸಿಕೊಂಡು ಎಲ್ಲಿ ನಿಲ್ಲಬಹುದು, ಯಾವ ಔಷಧಕ್ಕೆ ಬದಲಾಗಬಹುದು, ಆಗ ಯಾರಿಗೆ ಫೋನ್ ಮಾಡಬೇಕು?